ಬ್ಲ್ಯಾಕ್‌ಬೆರಿಗೆ ನಮ್ಮಲ್ಲಿ ಏನಂತಾರೆ

ಜನವರಿ 12, ಭಾನುವಾರ

ಮಗ ಮತ್ತು ಸೊಸೆ ಬಂದರು. ಅವರಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರಂತೆ. ಹೊಸ ಬಾಡಿಗೆ ಮನೆಗೆ ಬಣ್ಣ ಬಳಿದು ಕೀಲಿಕೈ ಕೊಡುವುದು ಮಾರ್ಚ್ ಕೊನೆಗೆ. ಅಲ್ಲಿಯವರೆಗೆ ಇಲ್ಲಿ ಇರಬಹುದೇ ಎಂದು ಮಗ ಕೇಳಿದ್ದ. ‘ಧಾರಾಳವಾಗಿ’ ಎಂದಿದ್ದೆ. ಆ ಪದ ಕರಡುಗಳಲ್ಲಿ ಕಂಡಾಗಲೆಲ್ಲ ಹೊಡೆದುಹಾಕುತ್ತೇನೆ. ಬಾಯಲ್ಲಿ ಹೇಗೆ ಬಂತೋ ತಿಳಿಯದು.

ಪೆಟ್ಟಿಗೆಗಳು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು. ಕೊನೆಗೆ ಒಂದು ದೊಡ್ಡ ಮಣ್ಣಿನ ಕುಂಡವೂ ಇಳಿಯಿತು. ಅದರಲ್ಲಿ ಕಂದು ಬಣ್ಣದ, ಮೈತುಂಬ ಮುಳ್ಳಿರುವ ನಾಲ್ಕಾರು ಉದ್ದ ಕಡ್ಡಿಗಳು, ಅಲ್ಲೊಂದು ಇಲ್ಲೊಂದು ಎಲೆ. ಸೊಸೆ ಗಿಡಗಳ ನರ್ಸರಿಯಲ್ಲಿ ಕೆಲಸ ಮಾಡುತ್ತಾರೆ. ಆದ್ದರಿಂದ ಇದು ಕಸವಾಗಿರಲಾರದು ಎಂದು ಊಹಿಸಿ, ಏನು ಎಂದು ಕೇಳಿದೆ.

“ಬ್ಲ್ಯಾಕ್‌ಬೆರಿ, ಮಾವ.”

ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟೆ. ಒಂದು ವಾರದಿಂದ ನನ್ನ ಮೇಜಿನ ಮೇಲೆ ಆ ಪದ ಕೂತಿದೆ, ಎದ್ದು ಹೋಗುತ್ತಿಲ್ಲ. ಈಗ ಮಹಡಿಯ ಮೇಲೂ ಬಂದು ಕೂತಿತು.

ಜನವರಿ 15, ಬುಧವಾರ

ಸೊಸೆ ಬೆಳಿಗ್ಗೆ ಹಾಡುತ್ತಾರೆ. ಪೂರ್ತಿಯಲ್ಲ, ಪಲ್ಲವಿಯ ಅರ್ಧ. ಉಳಿದರ್ಧ ಎಲ್ಲಿ ಹೋಯಿತೆಂದು ಯೋಚಿಸುತ್ತ ನಾನು ಒಂದೇ ಪುಟವನ್ನು ಎರಡು ಸಲ ಓದಬೇಕಾಗುತ್ತದೆ. ಮಗನ ತಾಯಿ ಹೋದ ಮೇಲೆ ಈ ಮನೆಯಲ್ಲಿ ಯಾರೂ ಹಾಡಿರಲಿಲ್ಲ. ಇದನ್ನು ದೂರಾಗಿ ಬರೆಯುತ್ತಿದ್ದೇನೆ.

ಕಾಫಿಯ ಹೊತ್ತಿಗೆ ವಿಚಾರಣೆ ನಡೆಯಿತು.

“ಮಾವ, ನನ್ನನ್ನ ಯಾಕೆ ನೀವು ನೀವು ಅಂತೀರಿ? ನಾನೇನು ಬ್ಯಾಂಕ್ ಮ್ಯಾನೇಜರಾ?”

“ಅಭ್ಯಾಸ,” ಎಂದೆ.

“ಮಗನ್ನ ಏನಂತೀರಿ?”

“ನೀನು.”

“ಚೆನ್ನಾಗಿದೆ. ಇವನಿಗೆ ಮರ್ಯಾದೆ ಇಲ್ಲ, ನನಗೆ ಸಲಿಗೆ ಇಲ್ಲ.”

“ಹಾಗೇನಿಲ್ಲ,” ಎಂದೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಮಗ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, “ಅಪ್ಪ ಬಾಯಿ ತೆಗೆದ ಅಂದ್ರೆ ಮಾತು ಮುಗೀತು ಅಂತ ಅರ್ಥ,” ಎಂದು ಹೆಂಡತಿಗೆ ವಿವರಿಸಿದ. ಆಕೆ ಅಲ್ಲೇ ನನಗೆ ‘ಪೂರ್ಣವಿರಾಮ’ ಎಂದು ಹೆಸರಿಟ್ಟರು.

ಮಾರ್ಚ್ ಕೊನೆಗೆ ಈ ಮನೆ ಮತ್ತೆ ಶಾಂತವಾಗುತ್ತದೆ. ಓದುವುದಕ್ಕೆ ತೆಗೆದಿಟ್ಟ ಪುಸ್ತಕಗಳು ಎರಡು ಕಪಾಟು ತುಂಬ ಇವೆ. ಅವು ಕಾಯುತ್ತಿವೆ. ನಾನೂ ಕಾಯುತ್ತೇನೆ.

ಜನವರಿ 21, ಮಂಗಳವಾರ

ನನ್ನ ಕೆಲಸ ಸರಳ. ಅನುವಾದವಾಗಿ ಬಂದ ಕಾದಂಬರಿಯನ್ನು ಮೂಲದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸುವುದು, ತಪ್ಪಿದ್ದ ಕಡೆ ಗುರುತು ಹಾಕುವುದು. ಈ ಕಾದಂಬರಿಯಲ್ಲಿ ಗುರುತು ಹಾಕಿ ಹಾಕಿ ಸೀಸದ ಕಡ್ಡಿ ಮೊಂಡಾಗಿದೆ.

ಕಥೆ ಇಬ್ಬರು ಅಕ್ಕತಂಗಿಯರದು. ಅಕ್ಕಪಕ್ಕದ ಮನೆ, ಮಾತು ಬಿಟ್ಟು ವರ್ಷಗಳಾಗಿವೆ. ಬೇಸಿಗೆಯ ಕೊನೆಗೆ ಇಬ್ಬರೂ ಬುಟ್ಟಿ ಹಿಡಿದು ಒಂದೇ ಬ್ಲ್ಯಾಕ್‌ಬೆರಿ ಪೊದೆಗೆ ಬರುತ್ತಾರೆ. ಒಬ್ಬಳು ಈ ಕಡೆಯಿಂದ ಕೀಳುತ್ತಾಳೆ, ಇನ್ನೊಬ್ಬಳು ಆ ಕಡೆಯಿಂದ. ನಡುವೆ ಮುಳ್ಳು. ಇಷ್ಟೇ, ಮುನ್ನೂರು ಪುಟ.

ಅನುವಾದಕರು ನಿವೃತ್ತ ಡಾಕ್ಟರು. ಎಲ್ಲ ಕಡೆಯೂ ‘ನೇರಳೆ’ ಎಂದು ಹಾಕಿದ್ದಾರೆ. ಹಾಗಾಗಿ ಅಕ್ಕ ಸೊಂಟ ಬಗ್ಗಿಸಿ ನೇರಳೆ ಹಣ್ಣು ಕೀಳುತ್ತಾಳೆ. ನೇರಳೆ ಮರವೋ ಮನೆಗಿಂತ ಎತ್ತರ. ಮುಂದಿನ ಪುಟದಲ್ಲಿ ನೇರಳೆಯ ಮುಳ್ಳು ತಂಗಿಯ ತೋಳನ್ನು ಗೀರುತ್ತದೆ. ನೇರಳೆಗೆ ಮುಳ್ಳು ಕೊಟ್ಟವರಲ್ಲಿ ಡಾಕ್ಟರೇ ಮೊದಲಿಗರು.

ಫೋನ್ ಮಾಡಿದೆ.

“ನೇರಳೆ ಅಂದ ತಕ್ಷಣ ಓದೋರ ನಾಲಿಗೆ ಬಣ್ಣ ಆಗುತ್ತೆ. ನಿಮಗೇನ್ರೀ ಕಷ್ಟ?”

“ಸಾರ್, ಮರದ ಎರಡು ಕಡೆ ನಿಂತರೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತೆ. ಮುಳ್ಳುಪೊದೆ ಆದರೆ ಕಾಣಲ್ಲ, ಕೈ ಮಾತ್ರ ಕಾಣುತ್ತೆ. ಕಥೆ ನಿಂತಿರೋದೇ ಅದರ ಮೇಲೆ.”

“ಹಾಗಾದ್ರೆ ನೀವೇ ಒಂದು ಹೆಸರು ಹುಡುಕಿ. ನಾನು ಜೀವಮಾನ ಪೂರ್ತಿ ರೋಗಕ್ಕೆ ಹೆಸರು ಹುಡುಕಿದೀನಿ, ಇನ್ನು ಸಾಕು.”

ಪ್ರಕಾಶನದ ಯಜಮಾನರು ಇನ್ನೂ ಚುಟುಕು. “ಮಾರ್ಚ್‌ನಲ್ಲಿ ಅಚ್ಚಿಗೆ ಹೋಗಬೇಕು. ನಾವೇನು ಹಣ್ಣಿನಂಗಡಿ ಇಡ್ತಿಲ್ಲ.”

ಜನವರಿ 28, ಮಂಗಳವಾರ

ಬ್ಲ್ಯಾಕ್‌ಬೆರಿ ಎಂದರೆ ನಿಮಗೆ ಏನು ನೆನಪಾಗುತ್ತದೆ ಎಂದು ಎಲ್ಲರನ್ನೂ ಕೇಳಿದೆ.

ಮಗ ಲಿಫ್ಟ್ ಮೆಕ್ಯಾನಿಕ್. ಅವನಿಗೆ ಮೊದಲ ಕೆಲಸದಲ್ಲಿ ಕೊಟ್ಟ ಫೋನು ನೆನಪಾಯಿತು. “ಅಕ್ಕಿಕಾಳಿನಷ್ಟು ಗುಂಡಿ ಅಪ್ಪ, ನನ್ನ ಹೆಬ್ಬೆರಳು ನೋಡಿದ್ಯಲ್ಲ. ಒಂದು ಅಕ್ಷರ ಒತ್ತಿದ್ರೆ ಮೂರು ಬೀಳ್ತಿತ್ತು.” ಆಫೀಸಿನ ಟೈಪಿಸ್ಟ್ ಹತ್ತೂ ಬೆರಳು ಮುಂದೆ ಚಾಚಿ, “ಇದೇ ಸಾರ್, ಈ ಬಣ್ಣ. ಬಾಟಲಿ ಮೇಲೆ ಬರೆದಿದೆ,” ಎಂದರು. ಉಗುರಿನ ಬಣ್ಣ ಅದು. ನನಗೆ ಬದನೆಕಾಯಿ ಕಾಣಿಸಿತು, ಹೇಳಲಿಲ್ಲ. ಮನೆಗೆ ಬಂದು ಕೈ ತೊಳೆಯುವಾಗ ಸೋಪಿನ ಹೊದಿಕೆಯ ಮೇಲೂ ಅದೇ ಪದ. ಮೂಸಿದೆ. ಸೋಪಿನ ವಾಸನೆ.

ಹಣ್ಣನ್ನು ಇವರಲ್ಲಿ ಯಾರೂ ತಿಂದಿಲ್ಲ. ಪದವನ್ನು ಮಾತ್ರ ಎಲ್ಲರೂ ಬಳಸಿ ಸವೆಸಿದ್ದಾರೆ. ನಾನೇನು ಬೇರೆ? ಅನುವಾದದ ಕಾದಂಬರಿಗಳಲ್ಲಿ ಈ ಹಣ್ಣನ್ನು ಎಷ್ಟು ಸಲ ಕಿತ್ತಿದ್ದೇನೆ, ಜಾಮ್ ಮಾಡಿದ್ದೇನೆ, ಬಿಳಿ ಅಂಗಿಗೆ ಕಲೆ ಮಾಡಿಕೊಂಡು ಬೈಸಿಕೊಂಡಿದ್ದೇನೆ. ರುಚಿ ಗೊತ್ತಿಲ್ಲ.

ಸೊಸೆಯನ್ನು ಕೊನೆಗೆ ಕೇಳಿದೆ.

“ಮೊದಲನೇದಾಗಿ ಅದು ಬೆರಿನೇ ಅಲ್ಲ ಮಾವ.”

“ಮತ್ತೆ?”

“ಒಂದೊಂದು ಗುಂಡೂ ಒಂದೊಂದು ಬೇರೆ ಹಣ್ಣು, ಒಳಗೆ ಬೇರೆ ಬೇರೆ ಬೀಜ. ಎಲ್ಲ ಒಟ್ಟಿಗೆ ಅಂಟಿಕೊಂಡು ಒಂದೇ ಹಣ್ಣು ಅಂತ ನಾಟಕ ಆಡ್ತವೆ. ನಮ್ಮನೆ ಥರ.”

“ನಮ್ಮಲ್ಲಿ ಏನಂತಾರೆ ಅದಕ್ಕೆ?”

“ಕೇಳ್ಕೊಂಡು ಬರೋರು ‘ಆ ಮುಳ್ಳಿಂದು, ಕರಿ ಹಣ್ಣಿಂದು’ ಅಂತಾರೆ. ನಮ್ಮ ಮಾಲೀಕರು ‘ಈ ಸೆಕೆಗೆ ಅದು ಬರಲ್ಲ ಬಿಡಿ’ ಅಂತಾರೆ. ಈಗ ನರ್ಸರಿಲಿ ಅದರ ಹೆಸರೇ ‘ಬರಲ್ಲ ಬಿಡಿ’ ಅಂತಾಗಿದೆ. ಅದಕ್ಕೇ ಒಂದನ್ನ ಮನೆಗೆ ತಂದಿದ್ದು. ಈ ವರ್ಷ ಹಣ್ಣು ಬಿಡಿಸಿ ಅವರ ಮೇಜಿನ ಮೇಲೆ ಇಡ್ತೀನಿ. ಮೊದಲನೇದು ನಿಮಗೆ. ತಿಂದು ನೋಡಿ, ಆಮೇಲೆ ಹೆಸರಿಡಿ.”

ಅದು ಅಚ್ಚಿನ ದಿನಾಂಕದೊಳಗೆ ಆಗುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ.

ಫೆಬ್ರವರಿ 4, ಮಂಗಳವಾರ

ಸೊಸೆ ನರ್ಸರಿಯಿಂದ ಬಂದು ಮಣ್ಣಿನ ಬೂಟು ಬಾಗಿಲಲ್ಲೇ ಕಳಚಿ, ನೇರವಾಗಿ ನನ್ನ ಓದುವ ಕೋಣೆಯ ಹೊಸ್ತಿಲ ಮೇಲೆ ಕೂರುತ್ತಾರೆ. ಒಳಗೆ ಬರುವುದಿಲ್ಲ. ಕೋಣೆಗೆ ಬರಬೇಡಿ ಎಂದು ಮೊದಲ ದಿನವೇ ಸೂಚಿಸಿದ್ದೆ. ಹೊಸ್ತಿಲಿನ ಬಗ್ಗೆ ಏನೂ ಹೇಳಿರಲಿಲ್ಲ. ಅದು ನನ್ನ ಅಜಾಗರೂಕತೆ.

“ಇವತ್ತು ಏನಾಯ್ತು? ಮಾತಾಡಿದ್ರಾ ಅವರು?”

ಅಕ್ಕತಂಗಿಯರ ವಿಷಯ. ಆ ದಿನ ನೋಡಿದ ಪುಟಗಳ ಕಥೆಯನ್ನು ಹೇಳಬೇಕು. ಮೊದಲು ಎರಡು ವಾಕ್ಯದಲ್ಲಿ ಹೇಳುತ್ತಿದ್ದೆ. ಆಕೆ ಪ್ರಶ್ನೆ ಕೇಳುತ್ತಾರೆ. ಅಕ್ಕನ ಬುಟ್ಟಿ ಯಾವುದರದ್ದು, ತಂಗಿಯ ಗಂಡ ಯಾಕೆ ಸುಮ್ಮನಿದ್ದಾನೆ, ಮೊದಲು ಮಾತು ಬಿಟ್ಟವರು ಯಾರು. ಉತ್ತರಿಸಲು ನಾನು ಮೂಲವನ್ನು ತಿರುಗಿ ನೋಡಬೇಕಾಗುತ್ತದೆ. ಹಾಗೆ ನೋಡುವಾಗ ಡಾಕ್ಟರ ಎರಡು ತಪ್ಪು ಸಿಕ್ಕಿದವು. ಆದ್ದರಿಂದ ಇದನ್ನು ಕೆಲಸದ ಸಮಯವೆಂದೇ ಲೆಕ್ಕಹಾಕಬಹುದು.

ಇವತ್ತಿನ ಅಧ್ಯಾಯದಲ್ಲಿ ತಂಗಿ ಪೊದೆಯ ಆ ಕಡೆಯಿಂದ ಅಕ್ಕನ ಕೈ ನೋಡುತ್ತಾಳೆ. ಕೈಗೆ ವಯಸ್ಸಾಗಿದೆ. ಏನೋ ಹೇಳಬೇಕೆಂದು ಬಾಯಿ ತೆರೆದು ಒಂದು ಹಣ್ಣು ಹಾಕಿಕೊಳ್ಳುತ್ತಾಳೆ.

“ಅಯ್ಯೋ!” ಸೊಸೆ ತೊಡೆ ತಟ್ಟಿಕೊಂಡರು. “ಒಬ್ಬಳು ಬಾಯಿ ಬಿಟ್ಟು ಹೇಳಿದ್ರೆ ಹತ್ತನೇ ಪುಟದಲ್ಲೇ ಮುಗೀತಿತ್ತಲ್ಲ ಮಾವ!”

“ಹಾಗೆ ಹೇಳಿಬಿಟ್ಟರೆ ಕಾದಂಬರಿ ಇರುವುದಿಲ್ಲ.”

“ಕಾದಂಬರಿ ಇಲ್ಲದಿದ್ರೆ ಏನಾಯ್ತು? ಅಕ್ಕ ಸಿಕ್ತಿದ್ದಳಲ್ಲ!”

ಮಗ ಅಡುಗೆಮನೆಯಿಂದ ಕೂಗಿದ: “ಪೂರ್ಣವಿರಾಮ ಇವತ್ತು ಒಂದು ಗಂಟೆ ಮಾತಾಡಿದೆ. ಊಟಕ್ಕೆ ಬನ್ನಿ.”

ಒಂದು ಗಂಟೆ ಆಗಿರಲಾರದು.

ಫೆಬ್ರವರಿ 5, ಬುಧವಾರ

ನಿನ್ನೆ ಬರೆದದ್ದು ಅತಿಯಾಯಿತು. ಇವತ್ತು ವಿಶೇಷವಿಲ್ಲ.

ಫೆಬ್ರವರಿ 13, ಗುರುವಾರ

ಮೂಲದ ಭಾಷೆಯಲ್ಲಿ ಈ ಹಣ್ಣು ಕೀಳಲು ಹೋಗುವುದಕ್ಕೆಂದೇ ಒಂದು ಕ್ರಿಯಾಪದವಿದೆ. ಹೆಸರಿಗೇ ಬಾಲ ಅಂಟಿಸಿ ಕ್ರಿಯೆ ಮಾಡಿಕೊಂಡಿದ್ದಾರೆ. ಅದು ಹೂ ಬಿಡುವ ಹೊತ್ತಿಗೆ ಒಮ್ಮೆ ತಿರುಗಿ ಬರುವ ಚಳಿಗೂ ಅದರದ್ದೇ ಹೆಸರು. ಇಂಥದೊಂದು ದಿನ ಕಳೆದ ಮೇಲೆ ಕೀಳಬಾರದು, ಅಂದು ಸೈತಾನ ಅದರ ಮೇಲೆ ಉಗುಳುತ್ತಾನೆ ಎಂಬ ಮಾತೂ ಕಾದಂಬರಿಯಲ್ಲಿ ಬರುತ್ತದೆ. ಒಂದು ಪೊದೆಯನ್ನು ಸುತ್ತಿಕೊಂಡು ಇಷ್ಟೆಲ್ಲ ಬೆಳೆದಿರುವಾಗ ಅದನ್ನು ಕಿತ್ತು ಬೇರೆ ಭಾಷೆಯಲ್ಲಿ ನೆಡು ಎಂದರೆ ಬೇರು ಎಲ್ಲಿ ಬಿಡಬೇಕು?

ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಸೊಸೆ, “ಮಣ್ಣು ಬಿಡಿಸದೆ ಹೆಂಟೆ ಸಮೇತ ಎತ್ತಬೇಕು ಮಾವ, ಬೇರಿಗೆ ಗೊತ್ತಾಗೋದೇ ಇಲ್ಲ,” ಎಂದರು. ಒಳ್ಳೆಯ ಮಾತು. ಒಪ್ಪಿಕೊಳ್ಳುವ ಮೊದಲೇ ಮಗ ಕೊನೆಯ ಚಪಾತಿ ತೆಗೆದುಕೊಂಡು ಗಮನ ಕೆಡಿಸಿದ.

ಸಂಜೆ ಮಹಡಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದರು. ನಾನು ಮುಟ್ಟಿದೆ. ಗೀರಿತು. ಚೂಪಲ್ಲ, ಕೊಕ್ಕೆ. ಒಳಗೆ ಹೋಗುವಾಗ ಬಿಡುತ್ತದೆ, ಹೊರಗೆ ಬರುವಾಗ ಹಿಡಿಯುತ್ತದೆ.

ಫೆಬ್ರವರಿ 20, ಗುರುವಾರ

ಹೊಸ ಮನೆಯ ಮಾಲೀಕರು ಫೋನ್ ಮಾಡಿದ್ದರು. ಮಾರ್ಚ್ ಮೂವತ್ತಕ್ಕೆ ಕೀಲಿಕೈ ಖಚಿತ.

ಸಂತೋಷ.

ಮಾರ್ಚ್ 8, ಶನಿವಾರ

ಸೊಸೆ ನರ್ಸರಿಯ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ. ಮಗನಿಗೆ ಆಸ್ಪತ್ರೆಯೊಂದರ ಲಿಫ್ಟಿನ ಕೆಲಸ. ಬೆಳಿಗ್ಗೆಯಿಂದ ಮನೆ ನಿಶ್ಶಬ್ದ. ಕಪಾಟಿನಿಂದ ಒಂದು ಕಾದಂಬರಿ ತೆಗೆದು ಕೂತೆ. ಮೊದಲ ಅಧ್ಯಾಯದಲ್ಲೇ ಎಲ್ಲರೂ ಸಪ್ಪೆ. ಇನ್ನೊಂದು ತೆಗೆದೆ, ಅದೂ ಹಾಗೇ. ಕನ್ನಡಕ ಒರೆಸಿದೆ.

ಕೊನೆಗೆ ಮಹಡಿಗೆ ಹೋಗಿ ಗಿಡ ನೋಡಿದೆ. ಬುಡದಲ್ಲಿ ಒಂದು ಹಸಿರು ಚಿಗುರು ಬಂದಿದೆ, ಬೆರಳುದ್ದ. ಅದರ ಮೇಲೆ ಆ ಒರಟು ಕಂದು ಕಡ್ಡಿಗಳು ಬಿಸಿಲಿಗೆ ಅಡ್ಡ ನಿಂತಿವೆ. ನನಗೆ ತೋಟಗಾರಿಕೆಯ ಪುಸ್ತಕವೊಂದು ನೆನಪಾಯಿತು. ಅದು ಅನುವಾದವಾಗಿ ಬಂದಾಗ ಪ್ರತಿ ಸಾಲನ್ನೂ ನೋಡಿದವನು ನಾನೇ. ತೆಗೆದು ನೋಡಿದೆ: ‘ಫಸಲು ಕೊಟ್ಟ ಹಳೆಯ ಕಡ್ಡಿಗಳನ್ನು, ಹೊಸ ಚಿಗುರಿಗೆ ಬೆಳಕು ಸಿಗುವಂತೆ, ನೆಲಮಟ್ಟಕ್ಕೆ ಕತ್ತರಿಸಿ.’ ಚೊಕ್ಕ ವಾಕ್ಯ. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ.

ಕತ್ತರಿಸಿದೆ. ಎಲ್ಲವನ್ನೂ, ನೆಲಮಟ್ಟಕ್ಕೆ. ಅಂಗಿಯ ತೋಳು ಹರಿಯಿತು, ಮಣಿಕಟ್ಟಿನಲ್ಲಿ ರಕ್ತ ಬಂತು. ಕುಂಡದ ಸುತ್ತ ಗುಡಿಸಿ ನೀರು ಹಾಕಿದೆ. ಚಿಗುರು ಈಗ ಬಿಸಿಲಲ್ಲಿ ಒಂಟಿಯಾಗಿ, ಅಚ್ಚುಕಟ್ಟಾಗಿ ನಿಂತಿದೆ. ಬಂದಾಗ ಆಶ್ಚರ್ಯಪಡಲಿ ಎಂದು ಫೋನಿನಲ್ಲಿ ಹೇಳಲಿಲ್ಲ.

ಇಂಥ ತೃಪ್ತಿ ಬಹಳ ದಿನದಿಂದ ಆಗಿರಲಿಲ್ಲ.

ಮಾರ್ಚ್ 9, ಭಾನುವಾರ

ಆಶ್ಚರ್ಯಪಟ್ಟರು.

“ಮಾವ, ಕಡ್ಡಿಗಳೆಲ್ಲಿ?”

“ಹಳೆಯವನ್ನು ತೆಗೆದೆ. ಚಿಗುರಿಗೆ ಬೆಳಕು ಬೇಕಲ್ಲ.”

“ಎಲ್ಲಾನೂ?”

“ಎಲ್ಲ. ಅರ್ಧಂಬರ್ಧ ಕೆಲಸ ನನ್ನಿಂದಾಗದು.” ಹೆಮ್ಮೆಯಿಂದಲೇ ಹೇಳಿದೆ.

ಅವಳು ಕುಂಡದ ಮುಂದೆ ಹಾಗೇ ಕೂತುಬಿಟ್ಟಳು. ಹೆಗಲ ಚೀಲವನ್ನೂ ಇಳಿಸಲಿಲ್ಲ. ಕತ್ತರಿಸಿದ ಬುಡಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು.

“ಅವು ಹಳೇವಲ್ಲ ಮಾವ. ಹೋದ ವರ್ಷ ಬಂದವು. ಇದರ ಕಡ್ಡಿ ಮೊದಲನೇ ವರ್ಷ ಸುಮ್ಮನೆ ಉದ್ದ ಆಗುತ್ತೆ. ಎರಡನೇ ವರ್ಷ ಹಣ್ಣು ಬಿಡುತ್ತೆ. ಅದಾದ ಮೇಲೆ ಕತ್ತರಿಸ್ತಾರೆ. ಈ ವರ್ಷ ಬಿಡಬೇಕಾಗಿದ್ದು ಅವೇ.”

“ಮತ್ತೆ ಈ ಚಿಗುರು?”

“ಇದು ಬರೋ ವರ್ಷಕ್ಕೆ.”

ಕೂಗಾಡಿದ್ದರೆ ಚೆನ್ನಾಗಿತ್ತು. ಎದ್ದು, “ಇರಲಿ ಬಿಡಿ,” ಎಂದು ಕೆಳಗೆ ಹೋದಳು.

ಪುಸ್ತಕವನ್ನು ಮತ್ತೆ ನೋಡಿದೆ. ವಾಕ್ಯ ಸರಿಯಾಗಿದೆ. ಅಲ್ಪವಿರಾಮಗಳೂ ಸರಿಯಾಗಿವೆ. ‘ಫಸಲು ಕೊಟ್ಟ’ ಎಂದು ಮೊದಲೇ ಇದೆ. ಕೊಟ್ಟಿವೆಯೇ ಎಂದು ಗಿಡದ ಯಜಮಾನಿಯನ್ನು ಒಂದು ಮಾತು ಕೇಳು ಎಂದು ಯಾವ ಪುಸ್ತಕವೂ ಬರೆಯುವುದಿಲ್ಲ.

ಮಾರ್ಚ್ 11, ಮಂಗಳವಾರ

ಹಾಡಿಲ್ಲ. ಹೊಸ್ತಿಲ ಮೇಲೆ ಯಾರೂ ಕೂರಲಿಲ್ಲ. ಬೂಟು ಕಳಚಿದ ಸದ್ದು ಕೇಳಿತು. ಆಮೇಲೆ ಹೆಜ್ಜೆ ಬೇರೆ ಕಡೆ ಹೋಯಿತು. “ಕಾಫಿ ತಗೊಳ್ಳಿ,” “ಕರೆಂಟ್ ಬಿಲ್ ಬಂದಿದೆ,” “ಹೋಗಿ ಬರ್ತೀನಿ.” ತಪ್ಪಿಲ್ಲದ, ಮರ್ಯಾದೆಯ ವಾಕ್ಯಗಳು. ಎರಡು ತಿಂಗಳ ಹಿಂದೆ ನಾನು ಬಯಸಿದ್ದು ಇಂಥದೇ ಮನೆಯನ್ನು. ಎಷ್ಟು ಶಾಂತವಾಗಿದೆಯೆಂದರೆ ಗೋಡೆ ಗಡಿಯಾರವೂ ತುದಿಗಾಲಲ್ಲಿ ನಡೆಯುತ್ತಿದೆ.

ನಾನು ಎರಡು ಸಲ ಕ್ಷಮೆ ಕೇಳಲು ಹೋಗಿ ಒಮ್ಮೆ ನೀರು ಕೇಳಿದೆ, ಇನ್ನೊಮ್ಮೆ ಪೇಪರ್ ಕೇಳಿದೆ.

ಮಗ ಬಂದು ಪಕ್ಕದಲ್ಲಿ ಕೂತ. “ಅಪ್ಪ, ಲಿಫ್ಟ್ ನಿಂತ್ಕೊಂಡ್ರೆ ಜನ ಎಲ್ಲ ಗುಂಡೀನೂ ಒತ್ತುತ್ತಾ ಇರ್ತಾರೆ. ಹಾಗೆ ಮಾಡಬಾರದು. ಗಂಟೆ ಒಂದು ಸಲ ಒತ್ತಬೇಕು, ಸುಮ್ಮನೆ ಕಾಯಬೇಕು.”

“ನಾನು ಇನ್ನೂ ಒತ್ತಿಲ್ಲ,” ಎಂದೆ.

“ಗೊತ್ತು,” ಎಂದ. “ಅದಕ್ಕೇ ಹೇಳಿದ್ದು.”

ಮಾರ್ಚ್ 14, ಶುಕ್ರವಾರ

ಒತ್ತಿದೆ. ಅವಳು ಮಹಡಿಯಲ್ಲಿ ಚಿಗುರಿಗೆ ಗೊಬ್ಬರ ಹಾಕುತ್ತಿದ್ದಳು. ಹೋಗಿ ಎದುರು ನಿಂತೆ.

“ತಪ್ಪು ನನ್ನದು. ಕೇಳದೆ ಮಾಡಿದೆ. ಬೈಯಬೇಕು ಅನ್ನಿಸಿದರೆ ಬೈದುಬಿಡು, ಹೀಗೆ ಸುಮ್ಮನಿರಬೇಡ.”

ಅವಳು ಯಾಕೋ ನನ್ನ ಮುಖವನ್ನೇ ನೋಡಿದಳು. ಏನಾದರೂ ಅಂಟಿದೆಯೇನೋ ಎಂದು ಕೆನ್ನೆ ಒರೆಸಿಕೊಂಡೆ.

“ಒಂದು ಕೇಳ್ಲಾ? ನಿಜ ಹೇಳ್ಬೇಕು.”

“ಕೇಳು.”

“ಬೇಕಂತಲೇ ಕತ್ತರಿಸಿದ್ರಾ? ಈ ವರ್ಷ ಹಣ್ಣು ಆಗದಿದ್ರೆ ಇವರು ಇನ್ನೊಂದು ವರ್ಷ ಇಲ್ಲೇ ಬಿದ್ದಿರ್ತಾರೆ ಅಂತ?”

ಅವಳು ನಗುತ್ತ ನಗುತ್ತ ಗೊಬ್ಬರದ ಚೀಲಕ್ಕೆ ಒರಗಿಕೊಂಡಳು. “ನೋಡಿ ನೋಡಿ, ಕಿವಿ ಕೆಂಪಾಯ್ತು! ಏನ್ ಮಾವ ನೀವು, ಬ್ಲ್ಯಾಕ್‌ಬೆರಿ ಕಾಯಿನೂ ಇಷ್ಟು ಕೆಂಪು ಇರಲ್ಲ!”

ಇದು ಆಧಾರವಿಲ್ಲದ ಆರೋಪ. ನಾನು ಆ ದಿನ ಪುಸ್ತಕವನ್ನು ನೋಡಿಯೇ ಮಾಡಿದ್ದು. ಪುಸ್ತಕ ಸಾಕ್ಷಿಗೆ ಇದೆ. ಚಿಗುರಿಗೆ ನೆರಳಾಗುತ್ತಿದ್ದದ್ದೂ ನಿಜ. ಹಣ್ಣು ಬರಲಿ ಎಂದೇ ಮಾಡಿದ್ದು, ಬಾರದಿರಲಿ ಎಂದಲ್ಲ. ಒಬ್ಬ ಮನುಷ್ಯ ಇನ್ನೊಂದು ವರ್ಷ ಜನ ಮನೆಯಲ್ಲಿರಲಿ ಎಂದು ಕತ್ತರಿ ಹಿಡಿದು ಮಹಡಿ ಹತ್ತುತ್ತಾನೆ ಎನ್ನುವುದು ಕಾದಂಬರಿಯಲ್ಲಿ ಬಂದರೆ ನಾನು ‘ಸಹಜವಾಗಿಲ್ಲ’ ಎಂದು ಪಕ್ಕದಲ್ಲಿ ಬರೆಯುತ್ತೇನೆ. ಮೇಲಾಗಿ ಶಾಂತಿ ಬೇಕಿದ್ದದ್ದು ನನಗೇ. ಮೇಲಾಗಿ ಆ ಪುಸ್ತಕದಲ್ಲಿ ವರ್ಷಗಳ ಲೆಕ್ಕ ಇರಲೇ ಇಲ್ಲ. ಇದನ್ನು ಇಷ್ಟು ವಿವರವಾಗಿ ಬರೆಯುವ ಅಗತ್ಯವೂ ಇಲ್ಲ.

ಸಂಜೆ ಹೊಸ್ತಿಲ ಮೇಲೆ ಬಂದು ಕೂತಳು. ಬಾಕಿ ಉಳಿದಿದ್ದ ಅಧ್ಯಾಯಗಳನ್ನೆಲ್ಲ ಹೇಳಿದೆ.

ಮಾರ್ಚ್ 18, ಮಂಗಳವಾರ

ಹೆಸರಿನ ವಿಷಯ ಇತ್ಯರ್ಥವಾಯಿತು.

‘ಮುಳ್ಳುಹಣ್ಣು,’ ‘ಕರಿಗೊಂಚಲು,’ ‘ಪೊದೆನೇರಳೆ’ ಎಲ್ಲವನ್ನೂ ಬರೆದು ನೋಡಿದ್ದೆ. ಎಲ್ಲವೂ ಹೊಸ ಅಂಗಿ ತೊಟ್ಟು ಫೋಟೋಕ್ಕೆ ನಿಂತಂತಿದ್ದವು. ಅವಳಿಗೆ ಓದಿ ಹೇಳಿದೆ. ಮೂರಕ್ಕೂ ಮೂಗು ಮುರಿದಳು.

“ಬ್ಲ್ಯಾಕ್‌ಬೆರಿ ಅಂತಲೇ ಇರಲಿ ಬಿಡಿ. ಹೆಸರಿಗಿಂತ ಮುಂಚೆ ಓದೋನಿಗೆ ಒಂದು ಸಲ ಮುಳ್ಳು ಚುಚ್ಚಲಿ. ಆಮೇಲೆ ನೀವು ಏನಂದ್ರೂ ನಂಬ್ತಾನೆ.”

ಮೂಲವನ್ನು ತೆಗೆದೆ. ಮೊದಲ ಪುಟದ ಮೂರನೆಯ ವಾಕ್ಯದಲ್ಲೇ ಮುಳ್ಳು ಇದೆ. ಅಕ್ಕನ ಸೆರಗಿನಂಥ ಮೇಲುಹೊದಿಕೆಯನ್ನು ಹಿಡಿದೆಳೆಯುತ್ತದೆ, ಯಾರೋ ಕರೆದರೆಂದು ಅವಳು ತಿರುಗಿ ನೋಡುತ್ತಾಳೆ. ನೇರಳೆಗೆ ಹೊಂದುವುದಿಲ್ಲವೆಂದು ಡಾಕ್ಟರು ಆ ವಾಕ್ಯವನ್ನು ಸದ್ದಿಲ್ಲದೆ ಬಿಟ್ಟಿದ್ದರು. ಅದನ್ನು ಮರಳಿ ಸೇರಿಸಿ, ಉಳಿದೆಡೆ ‘ಬ್ಲ್ಯಾಕ್‌ಬೆರಿ’ ಎಂದೇ ಇಟ್ಟು ಕಳಿಸಿದೆ. ಡಾಕ್ಟರು ಫೋನಿನಲ್ಲಿ, “ಸರಿ, ಇದೇ ರೋಗ ಅಂತ ನೀವು ಹೇಳಿದ ಮೇಲೆ ಇದೇ ಔಷಧಿ,” ಎಂದರು.

ಕಾದಂಬರಿ ಅಚ್ಚಿಗೆ ಹೋಯಿತು. ಸಂಜೆ ಹೊಸ್ತಿಲಿಗೆ ಹೇಳಲು ಹೊಸ ಕಥೆ ಬೇಕು. ಆದರೆ ಇನ್ನು ಎಷ್ಟು ಸಂಜೆ?

ಮಾರ್ಚ್ 25, ಮಂಗಳವಾರ

ಪೆಟ್ಟಿಗೆಗಳು ಮತ್ತೆ ಹೊರಬಂದಿವೆ. ಅವರಿಗೆ ಒಂದು ಮಾತು ಹೇಳಬೇಕು. ಬೆಳಿಗ್ಗೆಯಿಂದ ಕರಡು ಮಾಡುತ್ತಿದ್ದೇನೆ.

‘ಹೊಸ ಮನೆಗೆ ತೆರಳುವ ವಿಚಾರವನ್ನು ಪುನರ್‌ಪರಿಶೀಲಿಸುವ ಸಾಧ್ಯತೆಯ ಕುರಿತು ನೀವಿಬ್ಬರೂ ಆಲೋಚಿಸಬಹುದು.’ ಇದು ವಾಕ್ಯವಲ್ಲ, ಸುತ್ತೋಲೆ.

‘ಈ ಹೊತ್ತಿನಲ್ಲಿ ಗಿಡವನ್ನು ಬೇರೆ ಕಡೆ ಸಾಗಿಸುವುದು ಒಳ್ಳೆಯದಲ್ಲ.’ ಅವಳು ನರ್ಸರಿಯವಳು. ಸಿಕ್ಕಿಬೀಳುತ್ತೇನೆ.

‘ನೀವು ಇದ್ದರೂ ನನಗೇನೂ ತೊಂದರೆಯಿಲ್ಲ.’ ವ್ಯಾಕರಣಕ್ಕೆ ಸರಿ. ಅರ್ಥ ಪೂರ್ತಿ ತಲೆಕೆಳಗು. ನನಗೆ ತೊಂದರೆ ಇರುವುದು ಇದ್ದರೆ ಅಲ್ಲ.

ಊಟದ ಹೊತ್ತಿನಲ್ಲಿ ಬಾಯಿ ತೆರೆದು ಬಾಳೆಹಣ್ಣು ಹಾಕಿಕೊಂಡೆ.

ಮಾರ್ಚ್ 29, ಶನಿವಾರ

ಮೂವರೂ ಹೊಸ ಮನೆ ನೋಡಲು ಹೋದೆವು. ಐದನೆಯ ಮಹಡಿ. ಮಗ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು, “ಇದರ ಹಗ್ಗದ ಸದ್ದು ನನಗೆ ಸರಿಕಾಣ್ತಿಲ್ಲ. ನಾನು ಬಿಚ್ಚಿ ನೋಡೋವರೆಗೂ ನಮ್ಮನೆಯವರು ಯಾರೂ ಹತ್ತಬಾರದು,” ಎಂದ. ಮೆಟ್ಟಿಲು ಹತ್ತಿದೆವು.

ಹೊಸ ಬಣ್ಣದ ವಾಸನೆ. ಗೋಡೆಗಳು ನೇರವಾಗಿವೆ. ಅಡುಗೆಮನೆಗೆ ಎರಡು ಕಿಟಕಿ. ಓದಲು ಕೂರುವಂಥ ಒಂದು ಮೂಲೆಯೂ ಇದೆ ಎಂದು ನಾನೇ ತೋರಿಸಿದೆ. ನಲ್ಲಿ ತಿರುಗಿಸಿದೆ, ನೀರು ಚೆನ್ನಾಗಿ ಬಂತು. ಬಾಗಿಲ ಚಿಲಕ ಮೆಚ್ಚಿದೆ. ಮೆಚ್ಚಿ ಮೆಚ್ಚಿ ಗಂಟಲು ಒಣಗಿತು.

ಕಾಗದದ ಕೆಲಸಕ್ಕೆ ಮಾಲೀಕರ ಮನೆಗೆ ಹೋಗಬೇಕಿತ್ತು, ಅದು ನೆಲಮಹಡಿಯಲ್ಲಿ. ಇಳಿದು ಅರ್ಧಕ್ಕೆ ಬಂದಾಗ ನನ್ನ ಕನ್ನಡಕ ಮೇಲೇ ಉಳಿದದ್ದು ತಿಳಿಯಿತು. ಬೇಡವೆಂದರೂ ಕೇಳದೆ ನಾನೇ ಹತ್ತಿದೆ. ಅವರಿಬ್ಬರೂ ಹಿಂದೆಯೇ ಬಂದರು. ನಾಲ್ಕನೆಯ ಮಹಡಿಯ ತಿರುವಿನಲ್ಲಿ ನನಗೆ ಉಸಿರು ಕಟ್ಟಿತು. ಕಂಬಿ ಹಿಡಿದು ಮೆಟ್ಟಿಲ ಮೇಲೆ ಕೂತೆ.

“ಏನಾಯ್ತು ಮಾವ? ಎದೆ ನೋವಾ? ನೀರು ಕೊಡು, ಬೇಗ!”

ತಲೆಯಾಡಿಸಿದೆ. ಮೂರು ಕರಡುಗಳಲ್ಲಿ ಯಾವುದನ್ನಾದರೂ ಪೂರ್ತಿ ಹೇಳುವಷ್ಟು ಉಸಿರು ಇರಲಿಲ್ಲ. ಇದ್ದಷ್ಟರಲ್ಲಿ ಹೇಳಿದೆ.

“ಈ ಮನೆ ಬೇಡ. ನಮ್ಮನೇಲೇ ಇರೋಣ.”

ಮಗ ನೀರಿನ ಬಾಟಲಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದ. ಅವಳು ಎರಡು ಮೆಟ್ಟಿಲು ಕೆಳಗೆ ಕೂತು ನನ್ನನ್ನು ನೋಡಿದಳು.

“ಗಿಡಕ್ಕೋಸ್ಕರಾನಾ?”

“ಗಿಡಕ್ಕಲ್ಲ.”

“ಮತ್ತೆ?”

ಉಸಿರು ಸ್ವಲ್ಪ ಮರಳಿತ್ತು. ಕಾರಣಗಳನ್ನು ಜೋಡಿಸಿ ಹೇಳಬಹುದಿತ್ತು. “ನನಗೆ ಬೇಕು,” ಎಂದೆ, ಅಷ್ಟೇ.

ಮಗ ಗೋಡೆಗೆ ಒರಗಿದ. “ಇವಳು ಹದಿನೈದು ದಿನದಿಂದ ಹೋಗೋದು ಬೇಡ ಅಂತ ನನ್ನ ತಲೆ ತಿಂತಿದ್ದಾಳೆ. ಅಪ್ಪನಿಗೆ ಸದ್ದು ಆಗಲ್ಲ ಕಣೆ, ಪಾಪ, ಓದ್ಕೊಂಡಿರಲಿ ಅಂತ ನಾನೇ ಹಟ ಹಿಡಿದಿದ್ದು.”

“ಹಾಗಿದ್ದರೆ ಯಾಕೆ ಕೇಳಲಿಲ್ಲ?” ಎಂದು ಅವಳನ್ನೇ ಕೇಳಿದೆ.

“ನಾನು ಕೇಳಿದ್ರೆ ಮರ್ಯಾದೆಗೆ ಹೂಂ ಅಂತಿದ್ರಿ. ಅಂಥ ಹೂಂ ಯಾರಿಗೆ ಬೇಕು?” ಸೆರಗು ಹುಡುಕಿ ಸಿಗದೆ ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು. ಮರುಕ್ಷಣಕ್ಕೆ, “ಐದು ಮಹಡಿ ಹತ್ತಿಸಿದ್ರೆ ಪೂರ್ಣವಿರಾಮ ಬಾಯಿ ಬಿಡುತ್ತೆ ಅಂತ ಗೊತ್ತಿದ್ರೆ ಜನವರಿಲೇ ಹತ್ತಿಸ್ತಿದ್ದೆ,” ಎಂದಳು.

ಮಗ ಮಾಲೀಕರಿಗೆ ಹೇಳಿ ಬರಲು ಇಳಿದ. ಲಿಫ್ಟಿನ ಹಗ್ಗ ಬದಲಿಸಿ ಎಂದೂ ಹೇಳಿ ಬಂದನಂತೆ.

ಏಪ್ರಿಲ್ 2, ಬುಧವಾರ

ಆಫೀಸಿನಲ್ಲಿ ಯಜಮಾನರು ಎರಡು ದಪ್ಪ ಹಸ್ತಪ್ರತಿಗಳನ್ನು ಮುಂದೆ ಸರಿಸಿದರು. “ಮಕ್ಕಳು ಹೊರಟ್ರಲ್ಲ? ಇನ್ನು ನಿಮಗೆ ಪುರಸೊತ್ತು. ಎರಡೂ ಒಟ್ಟಿಗೆ ತಗೊಳ್ಳಿ.”

ಆಗುವುದಿಲ್ಲ ಎಂದೆ. ಕಾರಣಗಳನ್ನೂ ಕೊಟ್ಟೆ. ಅವರು ಹೋಗಿಲ್ಲ, ಹೋಗುವುದೂ ಇಲ್ಲ. ಬೆಳಿಗ್ಗೆ ಹಾಡು, ಸಂಜೆ ಹೊಸ್ತಿಲ ಮೇಲೆ ವಿಚಾರಣೆ, ಊಟದ ಹೊತ್ತಿನಲ್ಲಿ ಇಬ್ಬರೂ ಸೇರಿ ನನ್ನನ್ನು ಗೋಳುಹೊಯ್ದುಕೊಳ್ಳುತ್ತಾರೆ. ಓದುವ ಕೋಣೆಯ ಕಿಟಕಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಅವಳು ನಿನ್ನೆ ಸಸಿಗಳ ತಟ್ಟೆಗಳನ್ನು ತಂದು ನನ್ನ ಮೇಜಿನ ಅರ್ಧ ಹಿಡಿದಿದ್ದಾಳೆ. ಒಂದು ಪುಟ ನೆಟ್ಟಗೆ ಓದಲು ಬಿಡುವುದಿಲ್ಲ, ಏನು ಮಾಡಲಿ, ಹೇಳಿ ಎಂದೆ. ಸಾಕಷ್ಟು ಖಾರವಾಗಿಯೇ ಹೇಳಿದೆ.

ಯಜಮಾನರು ಕುರ್ಚಿಯಿಂದೆದ್ದು ಬಂದು ನನ್ನ ಕೈ ಕುಲುಕಿ, “ಅಭಿನಂದನೆಗಳು,” ಎಂದರು.

ಇಷ್ಟು ವರ್ಷ ಪುಸ್ತಕ ಅಚ್ಚು ಹಾಕಿದ ಮನುಷ್ಯ. ಯಾವ ಮಾತಿಗೆ ಯಾವ ಮಾತು ಹೇಳಬೇಕೆಂದು ಇನ್ನೂ ಗೊತ್ತಿಲ್ಲ.